ರಿಂಗ್ ಇದ್ದರೂ ಸರ್ವಿಸ್ ಬೀಳುತ್ತಿದೆಯೇ? ಧಾರವಾಡ–ಹುಬ್ಬಳ್ಳಿ–ಗದಗ–ಹಾವೇರಿ ಆಪ್ಟಿಕಲ್ ನೆಟ್‌ವರ್ಕ್‌ಗೆ ಪ್ರೊಟೆಕ್ಷನ್ ಹಾಕುವ ಸಮಗ್ರ ಮಾರ್ಗದರ್ಶಿ

ನಕ್ಷೆಯಲ್ಲಿ ರಿಂಗ್, ಅಂದರೆ ಊರುಗಳನ್ನು ಸುತ್ತು ಹಾಕಿ ಜೋಡಿಸಿದ ಫೈಬರ್ ದಾರಿ, ಚೆನ್ನಾಗಿಯೇ ಇರುತ್ತದೆ. ಅಣ್ಣಿಗೇರಿ ಹತ್ತಿರ ಜೆಸಿಬಿ ಕೇಬಲ್ ಕಿತ್ತ ದಿನ ಮಾತ್ರ ಗದಗ ಪೂರ್ತಿ ಬಂದ್. ಇನ್ನು ಕೆಲವರದು ಇದರ ಉಲ್ಟಾ ಕಥೆ. ಸರ್ವಿಸ್ ಬೀಳುವುದಿಲ್ಲ, ಆದರೆ ಅರ್ಧಕ್ಕಿಂತ ಜಾಸ್ತಿ ಕೆಪ್ಯಾಸಿಟಿ ಬ್ಯಾಕಪ್ ಹೆಸರಲ್ಲಿ ಸುಮ್ನೆ ಮಲಗಿರುತ್ತದೆ. ಹೊಸ ಗ್ರಾಹಕ ಬಂದರೆ ಚಾನೆಲ್ ಇಲ್ಲ.

ಎರಡಕ್ಕೂ ಕಾರಣ ಒಂದೇ: ಕೆಲಸದ ಕ್ರಮ. ಮೊದಲು ಬಾಕ್ಸ್ ಖರೀದಿ, ಆಮೇಲೆ ಪ್ರೊಟೆಕ್ಷನ್ ಸ್ಕೀಮ್ (ಕಟ್ ಆದರೆ ಟ್ರಾಫಿಕ್ ಬೇರೆ ದಾರಿಗೆ ತಿರುಗಿಸುವ ಏರ್ಪಾಡು), ಎಲ್ಲ ಮುಗಿದ ಮೇಲೆ ಕೇಬಲ್ ಎಲ್ಲಿ ಹೋಗಿದೆ ಅಂತ ವಿಚಾರಣೆ. ಕೆಳಗಿನ ಕ್ರಮ ಬೇರೆ: ಮೊದಲು ದಾರಿ, ಆಮೇಲೆ ಟ್ರಾಫಿಕ್ ವಿಂಗಡಣೆ, ಅದಾದ ಮೇಲೆ ಸ್ಕೀಮ್, ನಂತರ ಟೈಮರ್, ಕೊನೆಗೆ ಟೆಸ್ಟ್. ಲೀಸ್ ಫೈಬರ್ ಮೇಲೆ ನೆಟ್‌ವರ್ಕ್ ನಡೆಸುವ ಐಎಸ್‌ಪಿಗಳು, ಕೇಬಲ್ ಆಪರೇಟರ್‌ಗಳು, ನೆಟ್‌ವರ್ಕ್ ಕಂಟ್ರೋಲ್ ರೂಮಿನಲ್ಲಿ ಕೂರುವ ಎಂಜಿನಿಯರ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಇದು.

## ಮೊದಲು ಕೈಯಲ್ಲಿರಬೇಕಾದ ಸಾಮಾನು

1310, 1550 ಮತ್ತು 1625 ನ್ಯಾನೋಮೀಟರ್ ತರಂಗಾಂತರ ಇರುವ ಒಟಿಡಿಆರ್ (ಫೈಬರಿಗೆ ಬೆಳಕು ಬಿಟ್ಟು ಎಷ್ಟು ದೂರದಲ್ಲಿ ಎಷ್ಟು ನಷ್ಟ ಅಂತ ತೋರಿಸುವ ಯಂತ್ರ). ಕೊನೆಯದು ಯಾಕೆಂದರೆ ಟ್ರಾಫಿಕ್ ಓಡುತ್ತಿರುವ ಫೈಬರನ್ನೂ ಫಿಲ್ಟರ್ ಹಾಕಿ ಅದರಲ್ಲಿ ನೋಡಬಹುದು. ಲಾಂಚ್ ಫೈಬರ್, ಪವರ್ ಮೀಟರ್, ಕನೆಕ್ಟರ್ ನೋಡುವ ಸ್ಕೋಪ್, ಕ್ಲೀನಿಂಗ್ ಕಿಟ್, ಬೆಳಕನ್ನು ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಬಲ್ಲ ವೇರಿಯಬಲ್ ಅಟೆನ್ಯುಯೇಟರ್. ಜಿಪಿಎಸ್ ಇರುವ ಫೋನ್, ಒಂದು ಸ್ಪ್ರೆಡ್‌ಶೀಟ್.

ಇನ್ನೊಂದು ಇದೆ, ಇದನ್ನು ಬಹಳ ಜನ ಬಿಡುತ್ತಾರೆ: ಎಲ್ಲ ನೋಡ್‌ಗಳ (ಬಾಕ್ಸ್ ಇಟ್ಟಿರುವ ಜಾಗಗಳ) ಗಡಿಯಾರ ಎನ್‌ಟಿಪಿ ಮೂಲಕ ಒಂದೇ ಸಮಯ ತೋರಿಸಬೇಕು. ಹುಬ್ಬಳ್ಳಿ ಬಾಕ್ಸ್ ಮತ್ತು ಹಾವೇರಿ ಬಾಕ್ಸ್ ನಡುವೆ ಎರಡು ನಿಮಿಷದ ವ್ಯತ್ಯಾಸ ಇದ್ದರೆ ಯಾವ ಅಲಾರಂ ಮೊದಲು ಬಂತು ಅಂತ ಯಾರೂ ಹೇಳಲಾರರು.

## ಉದಾಹರಣೆಗೆ ಒಂದು ನೆಟ್‌ವರ್ಕ್

ನಾಲ್ಕು ನೋಡ್ ಹಿಡಿಯೋಣ: ಧಾರವಾಡ, ಹುಬ್ಬಳ್ಳಿ, ಗದಗ, ಹಾವೇರಿ. ಐದು ಲಿಂಕ್. ಫೈಬರ್ ಉದ್ದ ಲೆಕ್ಕಕ್ಕಾಗಿ ಹೀಗೆ ಇಟ್ಟುಕೊಳ್ಳಿ; ನಿಮ್ಮದನ್ನು ಒಟಿಡಿಆರ್ ಹೇಳಿದಂತೆ ಬದಲಿಸಿ. ಧಾರವಾಡ–ಹುಬ್ಬಳ್ಳಿ 22 ಕಿ.ಮೀ., ಹುಬ್ಬಳ್ಳಿ–ಗದಗ 60, ಲಕ್ಷ್ಮೇಶ್ವರ–ಸವಣೂರು ಮೇಲೆ ಗದಗ–ಹಾವೇರಿ 100, ಹೆದ್ದಾರಿ ಹಿಡಿದು ಹುಬ್ಬಳ್ಳಿ–ಹಾವೇರಿ 80, ಕಲಘಟಗಿ–ತಡಸ ಮೇಲೆ ಧಾರವಾಡ–ಹಾವೇರಿ 110.

ಟ್ರಾಫಿಕ್ 10 ಜಿ (ಸೆಕೆಂಡಿಗೆ 10 ಗಿಗಾಬಿಟ್) ಚಾನೆಲ್ ಲೆಕ್ಕದಲ್ಲಿ: ಧಾರವಾಡ–ಹುಬ್ಬಳ್ಳಿ 6, ಹುಬ್ಬಳ್ಳಿ–ಗದಗ 4, ಹುಬ್ಬಳ್ಳಿ–ಹಾವೇರಿ 4, ಗದಗ–ಹಾವೇರಿ 2. ಪ್ರತಿ ನೋಡ್‌ನಲ್ಲೂ ಒಟಿಎನ್ (ಆಪ್ಟಿಕಲ್ ಟ್ರಾನ್ಸ್‌ಪೋರ್ಟ್ ನೆಟ್‌ವರ್ಕ್) ಸ್ವಿಚಿಂಗ್ ಇದೆ, ಅಂದರೆ ಓಡಿಯು (ಡೇಟಾ ಕಟ್ಟಿ ಸಾಗಿಸುವ ಡಬ್ಬಿ) ಮಟ್ಟದಲ್ಲಿ ಚಾನೆಲ್ ತಿರುಗಿಸಬಹುದು ಎಂದುಕೊಳ್ಳೋಣ.

## ಹಂತ 1: ಕೇಬಲ್ ಜೊತೆ ನಡೆಯಿರಿ

ಕಡತದಲ್ಲಿ ಎರಡು ದಾರಿ ಇದ್ದರೆ ನೆಲದಲ್ಲೂ ಎರಡು ಇರುತ್ತವೆ ಅಂತಿಲ್ಲ. ಒಂದೇ ಹೊಡೆತಕ್ಕೆ ಒಟ್ಟಿಗೆ ಬೀಳುವ ಲಿಂಕ್‌ಗಳನ್ನು ಒಂದು ಗುಂಪು ಮಾಡಿ ನಂಬರ್ ಕೊಡಬೇಕು. ಇದಕ್ಕೆ ಎಸ್‌ಆರ್‌ಎಲ್‌ಜಿ ಅಂತಾರೆ. ಒಂದೇ ಟ್ರೆಂಚ್, ಒಂದೇ ಸೇತುವೆ, ಒಂದೇ ಮ್ಯಾನ್‌ಹೋಲ್, ಒಂದೇ ಬ್ಯಾಟರಿ ಬ್ಯಾಂಕ್, ಪ್ರತಿಯೊಂದಕ್ಕೂ ಬೇರೆ ನಂಬರ್.

ನಮ್ಮ ಉದಾಹರಣೆಯನ್ನೇ ನೋಡಿ. ಧಾರವಾಡದಿಂದ ಕಲಘಟಗಿ ಮೇಲೆ ಬರುವ ಕೇಬಲ್ ತಡಸದಲ್ಲಿ ಹೆದ್ದಾರಿ 48ಕ್ಕೆ ಸೇರುತ್ತದೆ. ಅಲ್ಲಿಂದ ಶಿಗ್ಗಾಂವಿ, ಬಂಕಾಪುರ ದಾಟಿ ಹಾವೇರಿವರೆಗೆ ಹುಬ್ಬಳ್ಳಿ ಕೇಬಲ್ ಇರುವ ಟ್ರೆಂಚಿನಲ್ಲೇ ಹಾಕಿದ್ದಾರೆ ಅನ್ನಿ. ಚಿತ್ರದಲ್ಲಿ ಎರಡು ಗೆರೆ, ನೆಲದಲ್ಲಿ ಒಂದೇ ಗುಂಡಿ. ಹುಬ್ಬಳ್ಳಿ–ಹಾವೇರಿ ಟ್ರಾಫಿಕ್‌ಗೆ ಧಾರವಾಡದ ಮೇಲಿನ ದಾರಿಯನ್ನು ಬ್ಯಾಕಪ್ ಮಾಡಿದರೆ ಬಂಕಾಪುರದ ಒಂದೇ ಕಟ್‌ಗೆ ಎರಡೂ ಹೋಗುತ್ತವೆ. ಅದರ ಬ್ಯಾಕಪ್ ಗದಗದ ಮೇಲೇ ಹೋಗಬೇಕು. ಇದನ್ನು ಈಗಲೇ ಬರೆದಿಟ್ಟುಕೊಳ್ಳಿ, ಮೂರನೇ ಹಂತದಲ್ಲಿ ಬೇಕಾಗುತ್ತದೆ.

ನಡೆಯುವಾಗ ಜಾಸ್ತಿ ಗಮನ ಎಲ್ಲಿರಬೇಕು? ಕೇಬಲ್ ಕಟ್ಟಡದೊಳಗೆ ಹೋಗುವ ಕೊನೆಯ ನೂರು ಮೀಟರ್‌ನಲ್ಲಿ. ಮೂರು ದಿಕ್ಕಿನಿಂದ ಬಂದ ಮೂರು ಕೇಬಲ್ ಗೇಟಿನ ಪಕ್ಕದ ಒಂದೇ ಚೇಂಬರಿನಲ್ಲಿ ಇಳಿದಿದ್ದರೆ ಯಾವ ಸ್ಕೀಮೂ ಕಾಪಾಡುವುದಿಲ್ಲ. ಇನ್ನೊಂದು ಜಾಗ ಸೇತುವೆ. ಹುಬ್ಬಳ್ಳಿ–ಗದಗ ನಡುವೆ ರೈಲು ಪಕ್ಕ ಒಂದು, ರಸ್ತೆ ಪಕ್ಕ ಒಂದು ಕೇಬಲ್ ಇದ್ದರೆ ಒಳ್ಳೆಯದೇ. ಆದರೆ ಬೆಣ್ಣಿಹಳ್ಳ ದಾಟುವಾಗ ಎರಡೂ ಒಂದೇ ಸೇತುವೆಗೆ ಜೋತುಬಿದ್ದಿವೆಯೇ ನೋಡಿ. ಈ ಹಳ್ಳದ ನೆರೆ ಏನು ಮಾಡಬಲ್ಲದು ಅಂತ ನವಲಗುಂದ ಕಡೆಯವರಿಗೆ ಹೇಳಬೇಕಾಗಿಲ್ಲ.

ಎರೆ ಮಣ್ಣಿನದು ಬೇರೆಯೇ ಸಮಸ್ಯೆ. ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆಗೆ ಉಬ್ಬುತ್ತದೆ. ಡಕ್ಟ್ ಎಳೆದಾಡಿ ಜಾಯಿಂಟ್ ಕ್ಲೋಷರ್ (ಕೇಬಲ್ ಜೋಡಣೆ ಮುಚ್ಚಿಡುವ ಪೆಟ್ಟಿಗೆ) ಹತ್ತಿರ ಫೈಬರ್ ಬಾಗುತ್ತದೆ. ಅದನ್ನು ಹಿಡಿಯುವುದು ಸುಲಭ: ಒಂದೇ ಜಾಗದಲ್ಲಿ 1310ರಲ್ಲಿ ನಷ್ಟ ಕಡಿಮೆ, 1550 ಮತ್ತು 1625ರಲ್ಲಿ ಜಾಸ್ತಿ ಕಂಡರೆ ಅದು ಬಾಗು. ಎಲ್ಲದರಲ್ಲೂ ಹತ್ತಿರ ಹತ್ತಿರ ಒಂದೇ ಇದ್ದರೆ ಸ್ಪ್ಲೈಸ್ (ಫೈಬರ್ ಬೆಸೆದ ಜಾಗ) ಅಥವಾ ಕನೆಕ್ಟರ್ ಕೆಟ್ಟಿದೆ.

ಕೇಬಲ್ ಕವಚದ ಮೇಲೆ ಮೀಟರ್ ಗುರುತು ಅಚ್ಚಾಗಿರುತ್ತದೆ. ಪ್ರತಿ ಕ್ಲೋಷರ್‌ನಲ್ಲೂ ಆ ಅಂಕಿ, ಜಿಪಿಎಸ್ ಬಿಂದು, ಒಟಿಡಿಆರ್ ದೂರ, ಮೂರನ್ನೂ ಒಂದೇ ಸಾಲಿನಲ್ಲಿ ಬರೆಯಿರಿ. ಕಟ್ ಆದ ರಾತ್ರಿ ತಂಡ ಎಲ್ಲಿ ಅಗೆಯಬೇಕು ಅಂತ ಈ ಸಾಲೇ ಹೇಳುವುದು.

## ಹಂತ 2: ಟ್ರಾಫಿಕ್ ವಿಂಗಡಿಸಿ

ಎಲ್ಲ ಚಾನೆಲ್‌ಗೂ ಬ್ಯಾಕಪ್ ಬೇಕಾಗಿಲ್ಲ. ಮೂರು ಗುಂಪು ಸಾಕು.

ಮೊದಲನೆಯದು 50 ಮಿಲಿಸೆಕೆಂಡ್ ಒಳಗೆ ಮರಳಲೇಬೇಕಾದ್ದು: ಮೊಬೈಲ್ ಟವರ್ ಬ್ಯಾಕ್‌ಹಾಲ್, ಬ್ಯಾಂಕ್, ಆಸ್ಪತ್ರೆ ಲಿಂಕ್. ಎರಡನೆಯದು ಕೆಲವು ಸೆಕೆಂಡ್ ತಡೆದುಕೊಳ್ಳುವಂಥದ್ದು, ಮನೆ ಬ್ರಾಡ್‌ಬ್ಯಾಂಡ್ ಹಾಗೆ. ಮೂರನೆಯದು ಬಿದ್ದರೂ ಯಾರೂ ಫೋನ್ ಮಾಡದ್ದು: ರಾತ್ರಿಯ ಡೇಟಾ ಬ್ಯಾಕಪ್, ವಿಡಿಯೋ ಕ್ಯಾಶ್ ತುಂಬಿಸುವುದು. ಈ ಕೊನೆಯ ಗುಂಪನ್ನು ಖಾಲಿ ಇರುವ ಬ್ಯಾಕಪ್ ಚಾನೆಲ್ ಮೇಲೆಯೇ ಓಡಿಸಬಹುದು. ಕಟ್ ಆದಾಗ ಅದನ್ನು ಇಳಿಸಿ ಮೊದಲ ಗುಂಪನ್ನು ಹತ್ತಿಸುವುದು. ಗ್ರಾಹಕರ ಒಪ್ಪಂದದಲ್ಲಿ ಈ ಮಾತು ಸ್ಪಷ್ಟವಾಗಿರಲಿ.

ಎಲ್ಲರೂ ಮಾಡುವ ತಪ್ಪು: ಮಾರ್ಕೆಟಿಂಗ್‌ನವರನ್ನು ಕೇಳಿ ವಿಂಗಡಿಸುವುದು. ಅವರಿಗೆ ಎಲ್ಲವೂ ಮೊದಲ ಗುಂಪೇ. ಒಪ್ಪಂದದ ಕಾಗದ ನೋಡಿ, ಕಂಪ್ಲೇಂಟ್ ಪುಸ್ತಕ ನೋಡಿ.

ನಮ್ಮ ಉದಾಹರಣೆಯಲ್ಲಿ ಧಾರವಾಡ–ಹುಬ್ಬಳ್ಳಿಯ 6 ಚಾನೆಲ್‌ಗಳಲ್ಲಿ 2 ಮೂರನೇ ಗುಂಪಿಗೆ ಸೇರಿದವು ಅನ್ನಿ.

## ಹಂತ 3: ಸ್ಕೀಮ್ ಆರಿಸಿ, ಲೆಕ್ಕ ಹಾಕಿ

ಹೆಚ್ಚಿನವರು ದಾರಿ ತಪ್ಪುವುದು ಇಲ್ಲೇ. ನಿಧಾನವಾಗಿ ಓದಿ. ಒಂದು ಚಾನೆಲ್ ಒಂದು ಲಿಂಕ್ ಮೇಲೆ ಜಾಗ ಹಿಡಿದರೆ ಒಂದು ಯೂನಿಟ್ ಅಂತ ಲೆಕ್ಕ.

ಮೊದಲು 1+1. ಪ್ರತಿ ಚಾನೆಲ್ ಎರಡೂ ದಾರಿಯಲ್ಲಿ ಏಕಕಾಲಕ್ಕೆ ಹೋಗುತ್ತದೆ, ಆ ಕಡೆಯವರು ಚೆನ್ನಾಗಿರುವುದನ್ನು ಆರಿಸಿಕೊಳ್ಳುತ್ತಾರೆ. ವೇಗಕ್ಕೆ ಇದನ್ನು ಮೀರಿದ್ದಿಲ್ಲ. ಖರ್ಚು? ಧಾರವಾಡ–ಹುಬ್ಬಳ್ಳಿಯ 6 ಹಾವೇರಿ ಸುತ್ತಿ ಬಂದರೆ ಎರಡು ಲಿಂಕ್, 12 ಯೂನಿಟ್. ಹುಬ್ಬಳ್ಳಿ–ಗದಗಕ್ಕೆ 8, ಹುಬ್ಬಳ್ಳಿ–ಹಾವೇರಿಗೆ 8, ಗದಗ–ಹಾವೇರಿಗೆ 4. ಒಟ್ಟು 32. ನಿಜವಾದ ಕೆಲಸ ಮಾಡುವ ಚಾನೆಲ್ 16 ಮಾತ್ರ! ಕೆಲಸಕ್ಕಿಂತ ಕಾಯುವವರು ಎರಡರಷ್ಟು.

ಎರಡನೆಯದು ಹಂಚಿಕೊಂಡ ಬ್ಯಾಕಪ್. ಡಿಪೋದಲ್ಲಿ ಪ್ರತಿ ಬಸ್ಸಿಗೂ ಒಂದೊಂದು ಸ್ಪೇರ್ ಬಸ್ ನಿಲ್ಲಿಸುವುದಿಲ್ಲ ಅಲ್ವಾ? ನಾಲ್ಕೈದು ಇಟ್ಟಿರುತ್ತಾರೆ, ಕೆಟ್ಟ ರೂಟಿಗೆ ಕಳಿಸುತ್ತಾರೆ. ಇಲ್ಲೂ ಹಾಗೇ. ಒಂದು ಸಲಕ್ಕೆ ಒಂದೇ ಜಾಗದಲ್ಲಿ ಕಟ್ ಆಗುತ್ತದೆ ಎಂದು ಹಿಡಿದು, ಪ್ರತಿ ಕಟ್‌ಗೂ ಯಾವ ಲಿಂಕ್‌ನಲ್ಲಿ ಎಷ್ಟು ಬೇಕು ಅಂತ ಬರೆದು, ಅದರಲ್ಲಿ ಅತಿ ಹೆಚ್ಚಿನದನ್ನು ಮಾತ್ರ ಕಾದಿರಿಸುವುದು. ಧಾರವಾಡ–ಹಾವೇರಿ 6, ಹಾವೇರಿ–ಹುಬ್ಬಳ್ಳಿ 6, ಹಾವೇರಿ–ಗದಗ 4, ಹುಬ್ಬಳ್ಳಿ–ಗದಗ 4. ಒಟ್ಟು 20. ದೊಡ್ಡ ಉಳಿತಾಯವೇ.

ಆದರೆ ಇದರಲ್ಲಿ ಒಂದು ಕೊಕ್ಕೆ ಇದೆ. ಚಾನೆಲ್ ಕಾದಿರಿಸಿದೆ, ಜೋಡಿಸಿಲ್ಲ. ಕಟ್ ಆದ ಮೇಲೆ ನಡುವಿನ ನೋಡ್‌ಗಳಿಗೆ ಸಂದೇಶ ಹೋಗಿ, ಅಲ್ಲಿ ಚಾನೆಲ್‌ಗಳ ಒಳಜೋಡಣೆ (ಕ್ರಾಸ್‌ಕನೆಕ್ಟ್) ಆಗಿ, ಆಮೇಲೆ ಟ್ರಾಫಿಕ್ ಹರಿಯಬೇಕು. ಹಲವು ಚಾನೆಲ್ ಒಟ್ಟಿಗೆ ಬಿದ್ದರೆ ಸರತಿಯಲ್ಲಿ ನಿಲ್ಲುತ್ತವೆ. ಇದನ್ನೇ ಓಡಿಯು ಬದಲು ರೋಡಮ್ (ಬೆಳಕಿನ ಚಾನೆಲ್‌ಗಳನ್ನೇ ತಿರುಗಿಸುವ ಬಾಕ್ಸ್) ಬಳಸಿ ಬೆಳಕಿನ ಮಟ್ಟದಲ್ಲಿ ಮಾಡಿದರೆ ಇನ್ನೂ ನಿಧಾನ. ಲೇಸರ್ ಟ್ಯೂನ್ ಆಗಬೇಕು, ಆಂಪ್ಲಿಫೈಯರ್ ಪವರ್ ಸಮಕ್ಕೆ ಬರಬೇಕು. ಸೆಕೆಂಡ್‌ಗಳಿಂದ ನಿಮಿಷಗಳವರೆಗೆ ಹೋಗಬಹುದು.

ಮೂರನೆಯದು ಮೊದಲೇ ಜೋಡಿಸಿಟ್ಟ ಸುತ್ತು. ಪಿ-ಸೈಕಲ್ ಅಂತ ಕರೆಯುತ್ತಾರೆ. ಬ್ಯಾಕಪ್ ಚಾನೆಲ್‌ಗಳನ್ನು ಧಾರವಾಡ–ಹುಬ್ಬಳ್ಳಿ–ಗದಗ–ಹಾವೇರಿ–ಧಾರವಾಡ ಅಂತ ಒಂದು ಸುತ್ತಾಗಿ ಈಗಲೇ ಜೋಡಿಸಿ ಬಿಡುವುದು. ಕಟ್ ಆದಾಗ ಆ ಲಿಂಕ್‌ನ ಎರಡು ತುದಿಗಳು ಮಾತ್ರ ಸ್ವಿಚ್ ಮಾಡಿದರೆ ಸಾಕು, ನಡುವಿನವರಿಗೆ ಏನೂ ಕೆಲಸವಿಲ್ಲ. ಹುಬ್ಬಳ್ಳಿ–ಹಾವೇರಿ ಲಿಂಕ್ ಈ ಸುತ್ತಿನ ಅಡ್ಡಗೆರೆ. ಅದರ ಮೇಲೆ ಬ್ಯಾಕಪ್ ಇಡಬೇಕಾಗಿಯೇ ಇಲ್ಲ, ಆದರೂ ಅದಕ್ಕೆ ರಕ್ಷಣೆ ಸಿಗುತ್ತದೆ. ಸುತ್ತಿನಲ್ಲಿ 6 ಚಾನೆಲ್ ಬೇಕು, ನಾಲ್ಕು ಲಿಂಕ್, ಒಟ್ಟು 24.

20ಕ್ಕೂ 24ಕ್ಕೂ ನಡುವೆ ಒದ್ದಾಡುವ ಮುಂಚೆ ಎರಡನೇ ಹಂತದ ವಿಂಗಡಣೆ ಇಲ್ಲಿ ಹಾಕಿ ನೋಡಿ. ಧಾರವಾಡ–ಹುಬ್ಬಳ್ಳಿಯ 2 ಚಾನೆಲ್‌ಗೆ ರಕ್ಷಣೆ ಬೇಡ, ಉಳಿದದ್ದು 4. ಈಗ 1+1 ಆದರೆ 28. ಹಂಚಿಕೊಂಡದ್ದು 16. ಮೊದಲೇ ಜೋಡಿಸಿದ ಸುತ್ತೂ 16! ವೇಗದ ಸ್ಕೀಮಿಗೂ ಅಗ್ಗದ ಸ್ಕೀಮಿಗೂ ಒಂದೇ ಬೆಲೆ. ಬರೀ ಎರಡು ಚಾನೆಲನ್ನು ಪಕ್ಕಕ್ಕೆ ಸರಿಸಿದ್ದಕ್ಕೆ ಇಷ್ಟು ಬದಲಾವಣೆ. ವಿಂಗಡಣೆ ಮಾಡದೆ ಸ್ಕೀಮ್ ಆರಿಸಬೇಡಿ ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಮೊದಲ ಹಂತದ ತಡಸದ ಟ್ರೆಂಚ್ ನೆನಪಿದೆಯಲ್ಲ? ಅದು ಕಟ್ ಆದರೆ ಹುಬ್ಬಳ್ಳಿ–ಹಾವೇರಿ ಮತ್ತು ಸುತ್ತಿನ ಧಾರವಾಡ–ಹಾವೇರಿ ಭಾಗ ಎರಡೂ ಹೋಗುತ್ತವೆ. ಸುತ್ತಿನ ಗದಗ ಭಾಗದಲ್ಲಿ 4 ಚಾನೆಲ್ ಇದೆ, ಬೇಕಾದದ್ದೂ 4. ಸರಿಹೋಯಿತು. ನಿಮ್ಮ ನೆಟ್‌ವರ್ಕ್‌ನಲ್ಲೂ ಪ್ರತಿ ಎಸ್‌ಆರ್‌ಎಲ್‌ಜಿ ನಂಬರ್‌ಗೂ ಇದೇ ಪರೀಕ್ಷೆ ಮಾಡಿ.

ಅಡ್ಡಗೆರೆಯ ಲಿಂಕ್‌ಗೆ ಸುತ್ತಿನ ರಕ್ಷಣೆ ಕೊಡುವ ಸೌಲಭ್ಯ ಎಲ್ಲ ಬಾಕ್ಸ್‌ಗಳಲ್ಲಿ ಇರುವುದಿಲ್ಲ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಮಾನಕ ಐಟಿಯು-ಟಿ ಜಿ.873.2ರ ಹಂಚಿಕೆಯ ರಿಂಗ್ ಪ್ರೊಟೆಕ್ಷನ್ ಸುತ್ತಿನ ಮೇಲಿನ ಲಿಂಕ್‌ಗಳಿಗೆ ಮಾತ್ರ. ಹಾಗಿದ್ದರೆ ಹುಬ್ಬಳ್ಳಿ–ಹಾವೇರಿಯ 4 ಚಾನೆಲ್‌ಗೆ ಗದಗದ ಮೇಲೆ ಬೇರೆ 1+1 ಹಾಕಿ. ಒಟ್ಟು 24 ಆಗುತ್ತದೆ, ಆಗಲೂ 28ಕ್ಕಿಂತ ಕಡಿಮೆಯೇ. ಖರೀದಿ ಆದೇಶಕ್ಕೆ ಸಹಿ ಹಾಕುವ ಮುಂಚೆ ವೆಂಡರ್‌ನಿಂದ ಬರಹದಲ್ಲಿ ಉತ್ತರ ತೆಗೆದುಕೊಳ್ಳಿ.

## ಹಂತ 4: ಬ್ಯಾಕಪ್ ದಾರಿಯಲ್ಲಿ ಬೆಳಕು ಮುಟ್ಟುತ್ತದೆಯೇ?

ಹೊಲದಲ್ಲಿ ಹೂತ ಫೈಬರ್‌ಗೆ ಸ್ಪ್ಲೈಸ್ ಸೇರಿಸಿ ಕಿ.ಮೀ.ಗೆ 0.25 ಡಿಬಿ (ಡೆಸಿಬೆಲ್) ನಷ್ಟ ಹಿಡಿಯಿರಿ. 22 ಕಿ.ಮೀ.ಗೆ 5.5 ಡಿಬಿ, 60ಕ್ಕೆ 15, 110ಕ್ಕೆ 27.5. ಇದರ ಮೇಲೆ ರಿಪೇರಿಗೆಂದು 3 ಡಿಬಿ ಬಿಡಿ. ಪ್ರತಿ ಕಟ್ ಸರಿಮಾಡುವಾಗಲೂ ತುಂಡು ಕೇಬಲ್ ಸೇರಿ ಸಾಮಾನ್ಯವಾಗಿ ಎರಡು ಜಾಯಿಂಟ್ ಹೆಚ್ಚಾಗುತ್ತವೆ. ಮೂರು ಮಳೆಗಾಲ ಕಳೆದ ಮೇಲೆ ಲೆಕ್ಕ ತಪ್ಪುವುದು ಹೀಗೆ.

ತಡದ ಲೆಕ್ಕವೂ ಇರಲಿ. ಫೈಬರಿನಲ್ಲಿ ಬೆಳಕಿಗೆ ಕಿ.ಮೀ.ಗೆ ಸುಮಾರು 5 ಮೈಕ್ರೋಸೆಕೆಂಡ್ ಬೇಕು. ಧಾರವಾಡದಿಂದ ಹುಬ್ಬಳ್ಳಿಗೆ ನೇರ ಹೋದರೆ 0.11 ಮಿಲಿಸೆಕೆಂಡ್. ಹಾವೇರಿ, ಗದಗ ಸುತ್ತಿ ಬಂದರೆ 270 ಕಿ.ಮೀ., 1.35 ಮಿಲಿಸೆಕೆಂಡ್. ಸ್ವಿಚಿಂಗ್‌ಗೆ ಇದೇನೂ ಅಲ್ಲ. ಆದರೆ ಎರಡು ಡೇಟಾ ಸೆಂಟರ್ ನಡುವೆ ಸ್ಟೋರೇಜ್ ಒಟ್ಟೊಟ್ಟಿಗೆ ಬರೆಯುವ ಗ್ರಾಹಕರಿದ್ದರೆ ಅವರಿಗೆ ಮೊದಲೇ ಹೇಳಿ.

## ಹಂತ 5: ಟೈಮರ್ ಮತ್ತು ಟ್ರಿಗರ್

ಎರಡು ಪದರ ಒಂದೇ ಕ್ಷಣಕ್ಕೆ ಎಚ್ಚರವಾಗಬಾರದು. ಕೆಳಗಿನದು ಮೊದಲು, ಮೇಲಿನದು ಆಮೇಲೆ.

ಒಟಿಎನ್ ಪ್ರೊಟೆಕ್ಷನ್‌ನ ಹೋಲ್ಡ್-ಆಫ್ (ಸ್ವಿಚ್ ಮಾಡುವ ಮುಂಚೆ ಕಾಯುವ ಸಮಯ) 0 ಇರಲಿ. ಅದರ ಕೆಳಗೆ ಬೆಳಕಿನ ಮಟ್ಟದಲ್ಲೇ ಬೇರೆ ಪ್ರೊಟೆಕ್ಷನ್ ಇದ್ದರೆ ಮಾತ್ರ ಒಟಿಎನ್‌ಗೆ 100 ಮಿಲಿಸೆಕೆಂಡ್ ಹೋಲ್ಡ್-ಆಫ್ ಕೊಡಿ. ರೂಟರ್ ಪೋರ್ಟ್‌ನಲ್ಲಿ ಲಿಂಕ್ ಡೌನ್ ಅಂತ ಘೋಷಿಸುವ ತಡ 50ಕ್ಕಿಂತ ಜಾಸ್ತಿ ಇರಬೇಕು, 100ರಿಂದ 200 ಮಿಲಿಸೆಕೆಂಡ್ ಇಟ್ಟರೆ ನೆಮ್ಮದಿ. ಲಿಂಕ್ ಜೀವಂತ ಇದೆಯೇ ಅಂತ ರೂಟರ್‌ಗಳು ಸಂದೇಶ ಕಳಿಸಿ ನೋಡುವ ಬಿಎಫ್‌ಡಿಯನ್ನು 10 ಮಿಲಿಸೆಕೆಂಡ್‌ಗೆ ಒಂದರಂತೆ ಮೂರು ಅಂತ ಇಟ್ಟವರಿದ್ದಾರೆ. 30 ಮಿಲಿಸೆಕೆಂಡ್‌ಗೇ ರೂಟರ್ ಲಿಂಕ್ ಸತ್ತಿತು ಅನ್ನುತ್ತದೆ, ಇತ್ತ ಒಟಿಎನ್ ಇನ್ನೂ ಸ್ವಿಚ್ ಮಾಡುತ್ತಿರುತ್ತದೆ. ಕೆಳಗೆ ಎಲ್ಲ ಸರಿಯಾದರೂ ಮೇಲೆ ಇಡೀ ರೂಟಿಂಗ್ ಅಲುಗಾಡುತ್ತದೆ. 50 ಮಿಲಿಸೆಕೆಂಡ್‌ನ ಮೂರು ಇಡಿ.

ಮರಳುವ ವಿಷಯ ಇನ್ನೂ ಮುಖ್ಯ. 1+1ರಲ್ಲಿ ಟ್ರಾಫಿಕ್ ಬ್ಯಾಕಪ್ ದಾರಿಯಲ್ಲೇ ಉಳಿದರೂ ನಷ್ಟವಿಲ್ಲ, ಆ ದಾರಿ ಅದರದ್ದೇ. ಹಂಚಿಕೊಂಡ ಬ್ಯಾಕಪ್‌ನಲ್ಲಿ ಮಾತ್ರ ರಿವರ್ಟಿವ್ (ರಿಪೇರಿ ಆದ ಮೇಲೆ ಹಳೆಯ ದಾರಿಗೆ ತಾನಾಗಿ ಮರಳುವುದು) ಕಡ್ಡಾಯ. ಗದಗದ ಟ್ರಾಫಿಕ್ ರಿಪೇರಿ ಆದ ಮೇಲೂ ಸುತ್ತಿನ ಮೇಲೇ ಕೂತಿದ್ದರೆ ನಾಳೆ ಹಾವೇರಿ ಕಟ್ ಆದಾಗ ಜಾಗ ಎಲ್ಲಿ? ವೇಟ್-ಟು-ರಿಸ್ಟೋರ್ (ಮರಳುವ ಮುಂಚೆ ಕಾಯುವ ಸಮಯ) 5ರಿಂದ 12 ನಿಮಿಷದ ನಡುವೆ ಇಡಲು ಬರುತ್ತದೆ. ಸ್ಪ್ಲೈಸ್ ಮಾಡುವ ತಂಡ ಫೈಬರ್ ಮುಟ್ಟಿ ಮುಟ್ಟಿ ನೋಡುವ ಹೊತ್ತಿನಲ್ಲಿ ಟ್ರಾಫಿಕ್ ಹಿಂದೆ ಮುಂದೆ ಜಿಗಿಯದಿರಲಿ ಅಂತ ಈ ಕಾಯುವಿಕೆ.

ಪೂರ್ತಿ ಕಟ್ ಆದರೆ ಎಲ್‌ಒಎಸ್ (ಸಿಗ್ನಲ್ಲೇ ಇಲ್ಲ ಎಂಬ ಅಲಾರಂ) ಬಂದು ತಕ್ಷಣ ಸ್ವಿಚ್ ಆಗುತ್ತದೆ. ತೊಂದರೆ ಕೊಡುವುದು ಅರ್ಧಂಬರ್ಧ ಕೆಟ್ಟ ಫೈಬರ್. ಅದಕ್ಕೆ ಸಿಗ್ನಲ್ ಡಿಗ್ರೇಡ್ ಟ್ರಿಗರ್ (ಸಿಗ್ನಲ್ ಕೆಡುತ್ತಾ ಬಂದರೆ ಸ್ವಿಚ್ ಮಾಡಿಸುವುದು) ಆನ್ ಇರಬೇಕು. ಎಫ್‌ಇಸಿ (ಎರರ್ ತಿದ್ದುವ ಕೋಡ್) ಸರಿಪಡಿಸುವ ಮುಂಚಿನ ಎರರ್ ಪ್ರಮಾಣವನ್ನು ದಿನವೂ ನೋಡಿ. ಗ್ರಾಹಕರಿಗೆ ಒಂದು ಎರರ್ ಕಾಣುವ ಎಷ್ಟೋ ಮುಂಚೆ ಅದು ಏರತೊಡಗಿರುತ್ತದೆ.

ಎರಡೂ ತುದಿಗಳಲ್ಲಿ ಸೆಟ್ಟಿಂಗ್ ಒಂದೇ ಇದೆಯೇ ಅಂತ ಒಬ್ಬರು ಓದಿ ಹೇಳಿ, ಇನ್ನೊಬ್ಬರು ಟಿಕ್ ಮಾಡಿ. ಒಂದು ಕಡೆ ಬೈಡೈರೆಕ್ಷನಲ್ (ಎರಡೂ ದಿಕ್ಕು ಒಟ್ಟಿಗೆ ಸ್ವಿಚ್), ಇನ್ನೊಂದು ಕಡೆ ಯೂನಿಡೈರೆಕ್ಷನಲ್ (ಕೆಟ್ಟ ದಿಕ್ಕು ಮಾತ್ರ) ಇದ್ದರೆ, ಸ್ವಿಚ್ ಮಾಡಲು ಎರಡು ತುದಿಗಳು ಮಾತಾಡಿಕೊಳ್ಳುವ ಎಪಿಎಸ್ ಸಂದೇಶಗಳಿಗೆ ಅರ್ಥವೇ ಇರುವುದಿಲ್ಲ.

## ಹಂತ 6: ಕಿತ್ತು ನೋಡಿ

ಸಾಫ್ಟ್‌ವೇರ್‌ನಲ್ಲಿ ಪೋರ್ಟ್ ಶಟ್‌ಡೌನ್ ಮಾಡಿ ಪಾಸ್ ಅಂತ ಬರೆಯಬೇಡಿ. ಅದು ಟೆಸ್ಟ್ ಅಲ್ಲ. ಮಧ್ಯರಾತ್ರಿ ಕಳೆದ ಮೇಲೆ, ಗ್ರಾಹಕರಿಗೆ ತಿಳಿಸಿ, ಈ ಕ್ರಮದಲ್ಲಿ ಮಾಡಿ:

1. ಸೆಕೆಂಡಿಗೆ 1000 ಪ್ಯಾಕೆಟ್ ಕಳಿಸುವ ಟೆಸ್ಟ್ ಶುರು ಮಾಡಿ. ಕಳೆದುಹೋದ ಒಂದು ಪ್ಯಾಕೆಟ್ ಅಂದರೆ ಸುಮಾರು ಒಂದು ಮಿಲಿಸೆಕೆಂಡ್. 43 ಹೋದರೆ 43 ಮಿಲಿಸೆಕೆಂಡ್. ದುಬಾರಿ ಟೆಸ್ಟರ್ ಇಲ್ಲದವರಿಗೂ ಇಷ್ಟು ಸಾಕು.
2. ಕಳಿಸುವ ಫೈಬರ್ ಒಂದನ್ನೇ ಕೀಳಿ. ವಾಪಸ್ ಹಾಕಿ, ಸ್ವೀಕರಿಸುವುದನ್ನು ಕೀಳಿ. ಆಮೇಲೆ ಎರಡನ್ನೂ ಕೀಳಿ. ಒಂದೇ ಕಿತ್ತಾಗ ಕೆಲಸ ಮಾಡದ ಸೆಟ್ಟಿಂಗ್‌ಗಳು ಸಾಕಷ್ಟು ಸಿಗುತ್ತವೆ. ಆಂಪ್ಲಿಫೈಯರ್ ಕಡೆಯ ಫೈಬರನ್ನು ಲೇಸರ್ ಆಫ್ ಆಗಿದೆ ಅಂತ ಖಚಿತವಾಗದೆ ಮುಟ್ಟಬೇಡಿ, ತುದಿಯನ್ನು ಬರಿಗಣ್ಣಿನಿಂದ ನೋಡಲೇಬೇಡಿ.
3. ಅಟೆನ್ಯುಯೇಟರ್ ಹಾಕಿ ಬೆಳಕನ್ನು ನಿಧಾನಕ್ಕೆ ಇಳಿಸಿ. ಸಿಗ್ನಲ್ ಡಿಗ್ರೇಡ್‌ಗೆ ಸ್ವಿಚ್ ಆಗುತ್ತದೆಯೋ ಇಲ್ಲವೋ ನೋಡಿ.
4. ವೇಟ್-ಟು-ರಿಸ್ಟೋರ್ ಮುಗಿದು ತಾನಾಗಿ ಮರಳುವವರೆಗೆ ಕಾಯಿರಿ. ಚಹಾಕ್ಕೆ ಎದ್ದು ಹೋಗಬೇಡಿ, ಮರಳುವಾಗಿನ ನಷ್ಟವನ್ನೂ ಬರೆಯಬೇಕು.
5. ಒಂದು ನೋಡ್‌ನ ಕರೆಂಟ್ ತೆಗೆಯಿರಿ. ಫೈಬರ್ ಕಟ್‌ಗಿಂತ ನೋಡ್ ಬೀಳುವುದು ಬೇರೆ. ಬ್ಯಾಟರಿ ಎಷ್ಟು ಹೊತ್ತು ಎಳೆಯುತ್ತದೆ ಅನ್ನುವುದೂ ಗೊತ್ತಾಗುತ್ತದೆ.

ಎಚ್ಚರಿಕೆಯ ಲಕ್ಷಣಗಳು ಹೀಗಿರುತ್ತವೆ. 43, 45 ಬರುತ್ತಿದ್ದದ್ದು ಒಮ್ಮೆಲೆ 150 ಆದರೆ ಎಲ್ಲೋ ಹೋಲ್ಡ್-ಆಫ್ ಸೇರಿಕೊಂಡಿದೆ. ಒಂದು ದಿಕ್ಕಿನಲ್ಲಿ ಸರಿ, ಇನ್ನೊಂದರಲ್ಲಿ ಸೆಕೆಂಡ್‌ಗಟ್ಟಲೆ ತಡ ಅಂದರೆ ಎಪಿಎಸ್ ಹೊಂದಿಕೆ ಆಗಿಲ್ಲ. ಸ್ವಿಚ್ ಆಯಿತು ಅಂತ ಲಾಗ್ ಹೇಳುತ್ತಿದೆ, ಟ್ರಾಫಿಕ್ ಮಾತ್ರ ಇಲ್ಲ ಅಂದರೆ ಬ್ಯಾಕಪ್ ಚಾನೆಲ್ ಬೇರೆಲ್ಲಿಗೋ ಜೋಡಣೆಯಾಗಿದೆ. ಟ್ರೇಸ್ ಗುರುತು (ಚಾನೆಲ್ ಜೊತೆ ಹೋಗುವ ಅದರ ಹೆಸರು) ಆನ್ ಮಾಡಿಟ್ಟಿದ್ದರೆ, ಗುರುತು ಹೊಂದುತ್ತಿಲ್ಲ ಎನ್ನುವ ಟಿಐಎಮ್ ಅಲಾರಂ ಅದನ್ನು ಮೊದಲೇ ಕೂಗಿ ಹೇಳುತ್ತಿತ್ತು.

## ಹಂತ 7: ನಿಜವಾಗಿ ಕಟ್ ಆದ ದಿನ

ಟ್ರಾಫಿಕ್ ತಿರುಗಿತು ಅಂತ ಆರಾಮಾಗಿ ಕೂರುವಂತಿಲ್ಲ. ಹಂಚಿಕೊಂಡ ಬ್ಯಾಕಪ್ ಈಗ ಬಳಕೆಯಲ್ಲಿದೆ, ಇನ್ನೊಂದು ಕಟ್ ಆದರೆ ಕಾಪಾಡುವವರಿಲ್ಲ. ಮೊದಲು ಉಳಿದ ದಾರಿಗಳಲ್ಲಿ ನಡೆಯಬೇಕಿದ್ದ ಎಲ್ಲ ನಿಗದಿತ ಕೆಲಸ ನಿಲ್ಲಿಸಿ.

ಎರಡೂ ತುದಿಯಿಂದ ಒಟಿಡಿಆರ್ ಹೊಡೆಯಿರಿ. ಅದು ಹೇಳುವುದು ಫೈಬರಿನ ದೂರ, ರಸ್ತೆಯ ದೂರ ಅಲ್ಲ. ಕ್ಲೋಷರ್‌ಗಳಲ್ಲಿ ಸುತ್ತಿಟ್ಟ ಕೇಬಲ್, ಕೇಬಲ್ ಒಳಗೆ ಫೈಬರಿನ ತಿರುವು ಸೇರಿ ರಸ್ತೆಗಿಂತ ಜಾಸ್ತಿ ಬರುತ್ತದೆ. ಮೊದಲ ಹಂತದ ಪಟ್ಟಿಯಲ್ಲಿ ಹತ್ತಿರದ ಕ್ಲೋಷರ್ ಹುಡುಕಿ, ಅಲ್ಲಿಂದ ಮೀಟರ್ ಗುರುತು ಲೆಕ್ಕ ಹಾಕಿ ತಂಡಕ್ಕೆ ಜಾಗ ಕೊಡಿ.

ಸ್ಪ್ಲೈಸ್ ಶುರುವಾಗುವ ಮುಂಚೆ ಲಾಕ್‌ಔಟ್ ಹಾಕುವ ಆಸೆ ಬರುತ್ತದೆ. ಬೇಡ. ಲಾಕ್‌ಔಟ್ ಆಫ್ ಪ್ರೊಟೆಕ್ಷನ್ ಅಂದರೆ ಬ್ಯಾಕಪ್ ದಾರಿಗೇ ಬೀಗ, ಈಗ ಓಡುತ್ತಿರುವ ಟ್ರಾಫಿಕ್ ಬೀಳುತ್ತದೆ. ಟ್ರಾಫಿಕ್ ಬ್ಯಾಕಪ್‌ನಲ್ಲೇ ನಿಲ್ಲಬೇಕೆಂದರೆ ಫೋರ್ಸ್ಡ್ ಸ್ವಿಚ್ ಕೊಡಿ. ಕೆಲಸ ಮುಗಿದ ಮೇಲೆ ಅದನ್ನು ತೆಗೆಯುವ ಹೊಣೆ ಯಾರದು ಅಂತ ಅದೇ ಟಿಕೆಟ್‌ನಲ್ಲಿ ಹೆಸರು ಬರೆಯಿರಿ. ಹಳೆಯ ಫೋರ್ಸ್ಡ್ ಸ್ವಿಚ್ ಒಂದು ತಿಂಗಳುಗಟ್ಟಲೆ ಉಳಿದು, ಮುಂದಿನ ಕಟ್‌ಗೆ ಪ್ರೊಟೆಕ್ಷನ್ನೇ ಇಲ್ಲದಂತಾಗುವುದು ಅಪರೂಪವಲ್ಲ.

ರಿಪೇರಿ ಆದ ಮೇಲೆ ಹೊಸ ಒಟಿಡಿಆರ್ ಗೆರೆಯನ್ನು ಹಳೆಯದರ ಮೇಲಿಟ್ಟು ನೋಡಿ. ಒಂದು ಸ್ಪ್ಲೈಸ್‌ಗೆ 0.1 ಡಿಬಿಗಿಂತ ಜಾಸ್ತಿ ಇದ್ದರೆ ತಂಡ ಗುಂಡಿ ಮುಚ್ಚುವ ಮೊದಲೇ ಮತ್ತೆ ಮಾಡಿಸಿ. ಜೋಡಿ ಫೈಬರ್ ಅದಲುಬದಲಾಗಿಲ್ಲ ಅಂತ ಟ್ರೇಸ್ ನೋಡಿ ಖಚಿತ ಮಾಡಿಕೊಳ್ಳಿ, ಫೋರ್ಸ್ಡ್ ಸ್ವಿಚ್ ತೆಗೆಯಿರಿ, ವೇಟ್-ಟು-ರಿಸ್ಟೋರ್ ಓಡಲು ಬಿಡಿ. ಹೊಸ ಕ್ಲೋಷರ್‌ನ ಮೀಟರ್ ಗುರುತು ಮತ್ತು ಜಿಪಿಎಸ್ ಬಿಂದು ಪಟ್ಟಿಗೆ ಸೇರಿಸಿ. ಅಲ್ಲಿ ಇನ್ನೂ ರಸ್ತೆ ಅಥವಾ ನೀರಿನ ಪೈಪ್ ಕೆಲಸ ಬಾಕಿ ಇದ್ದರೆ ಗುತ್ತಿಗೆದಾರರ ಫೋನ್ ನಂಬರ್ ತೆಗೆದುಕೊಳ್ಳಿ. 2023ರಲ್ಲಿ ಬಂದ ಕಾಲ್ ಬಿಫೋರ್ ಯು ಡಿಗ್ ಆ್ಯಪ್‌ನಲ್ಲಿ ಅಗೆಯುವ ಮುಂಚೆ ಮಾಹಿತಿ ಹಾಕಲು ಅವರಿಗೆ ಹೇಳಿ, ನಿಮ್ಮ ಕೇಬಲ್ ದಾರಿ ಅದರಲ್ಲಿ ದಾಖಲಾಗಿದೆಯೇ ಅಂತ ನೀವೂ ನೋಡಿ.